ಅಕ್ಕನ ಮನೆ ರಸ್ತೆಯ ಆ ಕಡೆ

ಐವತ್ತು ದಾಟಿದೆ, ರಸ್ತೆ ದಾಟಲು ಮಾತ್ರ ನನಗೆ ಇನ್ನೂ ಬರುವುದಿಲ್ಲ. ನಗಬೇಡಿ. ಟೈಪಿಂಗ್ ಬರುತ್ತದೆ, ಮೂರು ಭಾಷೆಯಲ್ಲಿ ಜಗಳ ಬರುತ್ತದೆ, ಜೋಳದ ರೊಟ್ಟಿಯನ್ನು ತೆಳ್ಳಗೆ ತಟ್ಟಬಲ್ಲೆ. ಆದರೆ ಪುಣೆಯ ಫುಟ್‌ಪಾತಿನ ಅಂಚಿಗೆ ಬಂದು ಒಂದು ಕಾಲು ಕೆಳಗಿಟ್ಟೆನೋ, ಎದೆ ಡವಡವ ಎನ್ನತೊಡಗುತ್ತದೆ. ಎರಡು ಹೆಜ್ಜೆ ಮುಂದೆ ಹೋಗುತ್ತೇನೆ, ಮೂರು ಹೆಜ್ಜೆ ಹಿಂದೆ ಬರುತ್ತೇನೆ. ಪಕ್ಕದಲ್ಲಿ ನಿಂತವರೂ ನನ್ನನ್ನು ನೋಡಿ ಧೈರ್ಯ ಕಳೆದುಕೊಳ್ಳುತ್ತಾರೆ. ಒಮ್ಮೆ ಕಣ್ಣು ಮಂಜಾದ ಅಜ್ಜರೊಬ್ಬರನ್ನು ದಾಟಿಸಿ ಪುಣ್ಯ ಕಟ್ಟಿಕೊಳ್ಳೋಣವೆಂದು ಅವರ ಕೈ ಹಿಡಿದೆ. ನಡುರಸ್ತೆಗೆ ಹೋಗುವಷ್ಟರಲ್ಲಿ ಅವರೇ ನನ್ನನ್ನು ಎಳೆದುಕೊಂಡು ಹೊರಟಿದ್ದರು. ಆ ಕಡೆ ಮುಟ್ಟಿದ ಮೇಲೆ, "ಘಾಬರೂ ನಕೋ, ಬಾಳ" ಎಂದರು. ಹೆದರಬೇಡ ಮಗಳೇ, ಎಂದು. ನಾನು ಥ್ಯಾಂಕ್ಸ್ ಹೇಳಿ, ನನಗೆ ಕೆಲಸವಿದ್ದದ್ದು ಬಿಟ್ಟುಬಂದ ಬದಿಯಲ್ಲೇ ಎಂಬುದನ್ನು ನೆನಪಿಸಿಕೊಂಡು ಅಲ್ಲೇ ನಿಂತುಬಿಟ್ಟೆ.

ಮೊದಲು ಹೀಗಿರಲಿಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ನಾವು ಗದಗಿನ ಕಡೆಯಿಂದ ಬಂದು ಇಲ್ಲಿ ಮನೆ ಹಿಡಿದಾಗ ನಮ್ಮ ಮುಂದಿನ ರಸ್ತೆ ಬಲು ಸಾಧು ರಸ್ತೆ. ಎರಡೂ ಬದಿಗೆ ಮರ, ನಡುವೆ ಬರೀ ಸೈಕಲ್ಲು, ಆಗೊಂದು ಈಗೊಂದು ಬಸ್ಸು. ಸೈಕಲ್ಲಿನವನು ಹಾಯ್ದರೆ ಅವನೂ ಬೀಳುತ್ತಿದ್ದ, ನಾವೂ ಬೀಳುತ್ತಿದ್ದೆವು. ಇಬ್ಬರೂ ಎದ್ದು ಮೊಣಕಾಲು ತಿಕ್ಕಿಕೊಂಡು, ಬೈದಾಡಿ, ನಮ್ಮ ನಮ್ಮ ಮನೆಗೆ ಹೋಗುತ್ತಿದ್ದೆವು. ಆ ರಸ್ತೆಯ ಈ ಕಡೆ ನಮ್ಮ ಮನೆ, ಆ ಕಡೆ ನನ್ನ ಅಕ್ಕ ಸುಶೀಲಕ್ಕನ ಮನೆ. ಬೇಕಂತಲೇ ಹಾಗೆ ಹುಡುಕಿದ್ದು. ಭಾವನದು ಒಣಮೆಣಸಿನಕಾಯಿ ವ್ಯಾಪಾರ. ನಾನೂ ನಮ್ಮ ಮನೆಯವರೂ ಕಚೇರಿಯ ಗುಮಾಸ್ತರು. ಹೊರಗೆ ಹೋದರೆ ಇಡೀ ದಿನ ಮರಾಠಿ. ಸಂಜೆ ಒಂದು ಗಳಿಗೆಯಾದರೂ ನಮ್ಮ ಮಾತಿನಲ್ಲಿ ಹರಟೆ ಹೊಡೆಯದಿದ್ದರೆ ಅಕ್ಕನಿಗೂ ನನಗೂ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ಇಲ್ಲಿ ನಮ್ಮ ಕಡೆಯವರ ಒಂದು ಪದ್ಧತಿ ಹೇಳಬೇಕು. ಬೇರೆ ಮನೆಯಿಂದ ತಿನ್ನುವುದೇನಾದರೂ ಬಂದರೆ ಆ ಪಾತ್ರೆಯನ್ನು ಬರಿದು ಮಾಡಿ ಮರಳಿ ಕೊಡಬಾರದು. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಬೇಕು. ನಾನು ಎಣ್ಣೆಗಾಯಿ ಕೊಟ್ಟರೆ ಅಕ್ಕ ಅದೇ ಡಬ್ಬಿಯಲ್ಲಿ ಶೇಂಗಾದ ಹೋಳಿಗೆ ಇಟ್ಟು ತರುತ್ತಿದ್ದಳು. ಹೋಳಿಗೆ ತಂದ ಡಬ್ಬಿ ನನ್ನದೇ ಆದರೂ ತುಂಬಿದ್ದು ಅವಳದಾದ್ದರಿಂದ ನಾನು ಮತ್ತೇನಾದರೂ ಒಯ್ಯಬೇಕು. ಲೆಕ್ಕ ಹಾಕಿ ನೋಡಿ, ಇದಕ್ಕೆ ಕೊನೆಯೇ ಇಲ್ಲ. ವಿಜ್ಞಾನಿಗಳು ಒಮ್ಮೆ ಚಾಲೂ ಮಾಡಿದರೆ ನಿಲ್ಲದೆ ತಿರುಗುವ ಯಂತ್ರಕ್ಕಾಗಿ ತಲೆ ಕೆಡಿಸಿಕೊಂಡಿದ್ದರಂತೆ. ಇಬ್ಬರು ಅಕ್ಕತಂಗಿಯರ ಕೈಗೆ ಒಂದು ಡಬ್ಬಿ ಕೊಟ್ಟು ಸುಮ್ಮನಿದ್ದರೆ ಸಾಕಾಗಿತ್ತು.

ಪುಣೆಯಲ್ಲಿ ನಡೆಯುವವರಿಗೆ ಇರುವ ಆಯುಧ ಒಂದೇ, ಅಂಗೈ. ಬರುವ ಗಾಡಿಗೆ ಅಂಗೈ ತೋರಿಸುತ್ತಾ ನುಗ್ಗಬೇಕು. ದೇವರ ಪಟಗಳಲ್ಲಿ ಅಭಯಹಸ್ತ ಹೀಗೆಯೇ ಇರುತ್ತದೆ. ಅಲ್ಲಿ ಅಭಯ ಕೊಡುತ್ತಾರೆ, ಇಲ್ಲಿ ಬೇಡುತ್ತೇವೆ. ಸರಿ, ಎರಡೂ ಕೈಯಲ್ಲಿ ಬಿಸಿ ಪಾತ್ರೆ ಹಿಡಿದವರು ಏನು ತೋರಿಸಬೇಕು? ಅಕ್ಕ ಗದ್ದ ಎತ್ತಿ ತೋರಿಸುತ್ತಿದ್ದಳು. ಸ್ಕೂಟರಿನವನೊಬ್ಬ, "ಕಾಕೂ, ಮರಾಯಚಂ ಆಹೇ ಕಾ?" ಎಂದು, ಅಂದರೆ ಸಾಯಬೇಕಾಗಿದೆಯೇನು ಎಂದು ಕೂಗಿದರೆ, ಅಕ್ಕ ನಡುರಸ್ತೆಯಲ್ಲೇ ನಿಂತು ಅಚ್ಚ ಗದಗಿನ ಕನ್ನಡದಲ್ಲಿ, "ನಿಮ್ಮವ್ವಗೂ ಹಿಂಗ ಕೇಳ್ತೀಯೇನೋ, ಮಂಗ್ಯಾ?" ಎನ್ನುತ್ತಿದ್ದಳು. ಭಾಷೆ ತಿಳಿಯದಿದ್ದರೂ ಅವನಿಗೆ ಮಾತು ಮುಟ್ಟುತ್ತಿತ್ತು.

ದಾರಿ ಯಾರು ಯಾರಿಗೆ ಬಿಡಬೇಕೆಂಬುದು ಹೊಸ ಪ್ರಶ್ನೆಯೇನಲ್ಲ. ನಮ್ಮ ಹಳೆಯ ಧರ್ಮಶಾಸ್ತ್ರದವರೂ ಇದನ್ನು ಕೂತು ವಿಚಾರ ಮಾಡಿದ್ದಾರೆ. ಮುದುಕರಿಗೆ, ರೋಗಿಗಳಿಗೆ, ಹೆಂಗಸರಿಗೆ, ಭಾರ ಹೊತ್ತವರಿಗೆ ದಾರಿ ಬಿಡಬೇಕಂತೆ. ಅದೇ ಸಾಲಿನಲ್ಲಿ ಗಾಡಿ ಹೊಡೆಯುವವನಿಗೂ ಬಿಡಬೇಕು ಎಂದಿದೆಯಂತೆ. ಪುಣೆಯವರು ಅದೊಂದನ್ನೇ ಬಾಯಿಪಾಠ ಮಾಡಿದ್ದಾರೆ.

ಬೇರೆಯವರನ್ನು ಯಾಕೆ ಆಡಿಕೊಳ್ಳಲಿ, ನಮ್ಮ ಮನೆಯವರನ್ನೇ ತೆಗೆದುಕೊಳ್ಳಿ. ನಡೆಯುವಾಗ ಇರುವೆ ತುಳಿಯದ ಮನುಷ್ಯ. ಸ್ಕೂಟರಿಗೆ ಕಿಕ್ ಹೊಡೆದರೋ, ದನಿಯೇ ಬೇರೆ. "ಹೆಂಗ ಅಡ್ಡಾಡ್ತಾರ ನೋಡು ನಡುರಸ್ತ್ಯಾಗ, ಇವರಪ್ಪನ ಮನಿ ಅಂಗಳ ಆಗೇದ!" ಸ್ಕೂಟರ್ ನಿಲ್ಲಿಸಿ ತರಕಾರಿಗೆಂದು ನಾಲ್ಕು ಹೆಜ್ಜೆ ನಡೆದರೆ, "ಈ ಸ್ಕೂಟರಿನವರಿಗೆ ಲೈಸೆನ್ಸ್ ಯಾರ ಕೊಟ್ಟಾರ?" ಎರಡೂ ಮನಸ್ಸಿನಿಂದ ಬಂದ ಮಾತೇ. ಇನ್ನು ಮಾರುತಿ ಗುಡಿ ಬಂತೆಂದರೆ ಓಡುವ ಸ್ಕೂಟರಿನ ಮೇಲೆಯೇ ಹ್ಯಾಂಡಲಿನಿಂದ ಬಲಗೈ ತೆಗೆದು ಎದೆಗೆ ಮುಟ್ಟಿಸಿ, ಒಂದು ಕ್ಷಣ ಕಣ್ಣು ಮುಚ್ಚುತ್ತಾರೆ. ಪುಣೆಯಲ್ಲಿ ಎಷ್ಟು ಗುಡಿ ಇವೆ ಎಂಬುದು ಅವರ ಹಿಂದೆ ಕೂತವರಿಗೇ ಗೊತ್ತು. "ದೇವರು ನಿಮ್ಮನ್ನ ನೋಡ್ಲಿ, ನೀವು ರಸ್ತೆ ನೋಡ್ರಿ" ಎಂದು ನಾನು ಬೆನ್ನಿಗೆ ಗುದ್ದುತ್ತೇನೆ. ಅವರಿಗೆ ಸಿಟ್ಟು ಬರುತ್ತದೆ, ಭಕ್ತಿಗೆ ಭಂಗ ತಂದೆನೆಂದು.

ಹೊಸ ಶತಮಾನ ಬಂತು, ರಸ್ತೆ ಅಗಲವಾಯಿತು. ಮರ ಹೋದವು, ಫುಟ್‌ಪಾತ್ ಅರ್ಧ ಹೋಯಿತು, ಉಳಿದರ್ಧದ ಮೇಲೆ ವಡಾಪಾವ್ ಗಾಡಿಯೂ ಸ್ಕೂಟರುಗಳೂ ನಿಂತವು. ನಡುವೆ ಎತ್ತರದ ಡಿವೈಡರ್ ಕಟ್ಟಿದರು. ಗಾಡಿ ತಿರುಗಿಸಬೇಕಾದರೆ ದೂರದ ಚೌಕಿನವರೆಗೆ ಹೋಗಬೇಕು. ಅಷ್ಟು ದೂರ ಯಾರು ಹೋಗುತ್ತಾರೆ? ಬದಿಗೆ ಹಿಡಿದುಕೊಂಡು ಉಲ್ಟಾ ಬರುತ್ತಾರೆ. ಡಿವೈಡರಿನಲ್ಲಿ ಒಂದು ಕಡೆ ಕಲ್ಲು ಒಡೆದು ಸಂದಿಯಾಗಿತ್ತು, ನಾವು ಅದರೊಳಗಿಂದ ದಾಟುತ್ತಿದ್ದೆವು. ಅಂದರೆ ಗಾಡಿಯವರೂ ನಾವೂ ಒಂದೇ ಸಂಕಟಕ್ಕೆ ಒಂದೇ ಥರದ ಉಪಾಯ ಹುಡುಕಿಕೊಂಡಿದ್ದೆವು.

ಅದೊಂದು ಹೋಳಿಹುಣ್ಣಿಮೆ. ನಾನು ಬೆಳಿಗ್ಗೆ ಒಂದು ಬೋಗುಣಿಯಲ್ಲಿ ಹೋಳಿಗೆ ಕೊಟ್ಟು ಬಂದಿದ್ದೆ. ಮಧ್ಯಾಹ್ನ ಅಕ್ಕ ಅದೇ ಬೋಗುಣಿಯಲ್ಲಿ ಕಟ್ಟಿನ ಸಾರು ತುಂಬಿ, ಸೆರಗಿನಲ್ಲಿ ಹಿಡಿದುಕೊಂಡು ಹೊರಟಳು. ನಾನು ನಮ್ಮ ಬಾಲ್ಕನಿಯಲ್ಲಿದ್ದೆ. ಚಿಕ್ಕಂದಿನಲ್ಲಿ ಕಲಿಸಿದ ಹಾಗೆ ಅಕ್ಕ ಬಲಕ್ಕೆ ನೋಡಿದಳು. ರಸ್ತೆ ಖಾಲಿ. ಕೆಳಗಿಳಿದಳು. ಬೈಕು ಬಂದದ್ದು ಎಡಗಡೆಯಿಂದ, ಉಲ್ಟಾ. ನಾನು "ಅಕ್ಕಾ!" ಎಂದು ಕೂಗಿದೆ. ಅವಳು ಏನು ಮಾಡಿದಳು ಗೊತ್ತೇ? ಕೂಗಿದ್ದು ನಾನೆಂದು ನಗುತ್ತಾ ತಲೆ ಎತ್ತಿ ಬಾಲ್ಕನಿಯ ಕಡೆ ನೋಡಿದಳು. ಪಾತ್ರೆ ಬಿದ್ದ ಸದ್ದು ಮೊದಲು ಕೇಳಿತು.

ಕೆಳಗಿಳಿದು ಓಡಿದೆ. ಆ ದಿನ ನಾನು ರಸ್ತೆ ಹೇಗೆ ದಾಟಿದೆನೋ ನನಗೆ ತಿಳಿಯದು. ಅಕ್ಕ ಸಾರಿನಲ್ಲಿ ತೊಯ್ದು ಬಿದ್ದಿದ್ದಳು. "ವಿಮಲಾ, ಕಾಲು ನಂದಲ್ಲ ಅನಸಾಕತ್ತದ" ಎಂದಳು. ಬೈಕಿನವನು ಮೂವತ್ತರ ಆಸುಪಾಸಿನ ಮನುಷ್ಯ, ಅವನ ಹಣೆಯಿಂದಲೂ ರಕ್ತ. ಓಡಿಹೋಗಲಿಲ್ಲ. ಅವನೇ ರಿಕ್ಷಾ ನಿಲ್ಲಿಸಿ, ಅಕ್ಕನನ್ನು ಎತ್ತಿ ಕೂಡಿಸಿದ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು, "ಮೀ ರೋಜ್ ಅಸಾಚ್ ಯೇತೋ" ಎಂದು ಅಳುತ್ತಿದ್ದ. ದಿನಾ ನಾನು ಹೀಗೆಯೇ ಬರುತ್ತೇನೆ ಎಂದು. ಅವನನ್ನು ಬೈಯಬೇಕೆಂದು ಬಾಯಿ ತೆರೆದೆ, ಆಗಲಿಲ್ಲ. ದುಷ್ಟನೊಬ್ಬ ಸಿಕ್ಕಿದ್ದರೆ ಎಷ್ಟೋ ಸಮಾಧಾನ ಆಗುತ್ತಿತ್ತು ಎಂದು ಈಗಲೂ ಅನ್ನಿಸುತ್ತದೆ.

ತೊಡೆಯ ಎಲುಬು ಮುರಿದಿತ್ತು. ರಾಡ್ ಹಾಕಿದರು. ಕೆಲವು ತಿಂಗಳಲ್ಲಿ ಅಕ್ಕ ಕೋಲು ಹಿಡಿದು ನಡೆಯತೊಡಗಿದಳು. ಮನೆಯಲ್ಲಿ ನಡೆದಳು, ಮೆಟ್ಟಿಲಿಳಿದಳು, ಗೇಟಿನವರೆಗೆ ಬಂದಳು. ಫುಟ್‌ಪಾತಿನ ಅಂಚಿಗೆ ಬಂದು ನಿಂತುಬಿಟ್ಟಳು. ನಾನು ಕೈ ಹಿಡಿದೆ, ಭಾವ ಕೈ ಹಿಡಿದರು. ಕೈ ಬಿಡಿಸಿಕೊಂಡು, "ಬ್ಯಾಡ್ರಿ, ನನ್ನ ಕೈಲೆ ಆಗೂದಿಲ್ಲ" ಎಂದು ಅಲ್ಲೇ ಕೂತಳು. ಸ್ಕೂಟರಿನವನನ್ನು ಮಂಗ್ಯಾ ಎಂದು ಬೈಯುತ್ತಿದ್ದ ನನ್ನ ಅಕ್ಕ!

ಪ್ರಯತ್ನ ನಾವೂ ಕಡಿಮೆ ಮಾಡಲಿಲ್ಲ. ಅರ್ಜಿ ಕೊಟ್ಟೆವು, ಓಡಾಡಿದೆವು. ಬಿಳಿ ಪಟ್ಟೆ ಬಳಿದರು. ಅದರ ಮುಂದೆ ಗಾಡಿಗಳು ನಿಲ್ಲುವ ಬದಲು ನಾವೇ ನಿಂತು, ಮಳೆಗಾಲದಲ್ಲಿ ಅದು ತೊಳೆದುಹೋಗುವುದನ್ನು ನೋಡಿದೆವು. ರಸ್ತೆಗೆ ಉಬ್ಬು ಹಾಕಿದರು, ಯಾರೋ ದೊಡ್ಡವರು ಬರುತ್ತಾರೆಂದು ಅವರ ಕಾರು ಕುಲುಕಬಾರದೆಂದು ಕಿತ್ತರು. ಕೊನೆಗೆ ಕಬ್ಬಿಣದ ಮೇಲ್ಸೇತುವೆಯೇ ಬಂತು. ಅದರ ಮೆಟ್ಟಿಲು ಎಷ್ಟು ಕಡಿದಾಗಿತ್ತೆಂದರೆ, ಅದನ್ನು ಹತ್ತಬಲ್ಲವನು ಕೆಳಗೆ ಓಡಿಯೇ ದಾಟಬಲ್ಲ. ಅದರ ಮೇಲೆ ಜಾಹೀರಾತಿನ ಹಲಗೆಗಳನ್ನು ಬಿಟ್ಟರೆ ಯಾರೂ ಇರುತ್ತಿರಲಿಲ್ಲ. ಎಚ್ಚರಿಕೆಯ ಮಾತು ಹೇಳುವವರಿಗೇನೂ ಕೊರತೆಯಿಲ್ಲ. ಎರಡೂ ಕಡೆ ನೋಡಿ, ಓಡಬೇಡಿ, ಗಾಡಿಯವನ ಕಣ್ಣಲ್ಲಿ ಕಣ್ಣಿಟ್ಟು ದಾಟಿ. ಎಲ್ಲವೂ ಸರಿಯೇ. ನಾನೂ ಸಿಕ್ಕವರಿಗೆಲ್ಲ ಹೇಳುತ್ತೇನೆ: ದಾಟುವಾಗ ಒಂದು ಕೈಯಾದರೂ ಖಾಲಿ ಇರಲಿ, ರಸ್ತೆ ಒಮ್ಮುಖವೆಂದು ಬೋರ್ಡು ಇದ್ದರೂ ನಂಬಬೇಡಿ. ಗಾಡಿಯವರಿಗೆ ಹೇಳಬೇಕಾದದ್ದು ಇನ್ನೂ ಸಣ್ಣದು: ಬ್ರೇಕು ಒತ್ತಿ. ಅಷ್ಟೇ. ಹೇಳಿ ಹೇಳಿ ನನ್ನ ಗಂಟಲು ಒಣಗಿದೆ, ನಮ್ಮ ಮನೆಯವರೇ ಕೇಳಿಲ್ಲ.

ಒಮ್ಮೆ ಅಕ್ಕನನ್ನು ನಮ್ಮ ಮನೆಗೆ ರಿಕ್ಷಾದಲ್ಲಿ ಕರೆತಂದೆ. ವಿಳಾಸ ಕೇಳಿದ ರಿಕ್ಷಾದವನು, "ಸಮೋರಚ್ ತರ್ ಆಹೇ!" ಎಂದು ನಕ್ಕ. ಎದುರಿಗೇ ಇದೆಯಲ್ಲ! ದೂರದ ಚೌಕು ಸುತ್ತಿ, ಟ್ರಾಫಿಕ್ಕಿನಲ್ಲಿ ನಿಂತು, ಎದುರಿನ ಮನೆ ಮುಟ್ಟುವಷ್ಟರಲ್ಲಿ ಅಕ್ಕನಿಗೆ ಕಾಲು ಜೋಮು ಹಿಡಿದಿತ್ತು. ಆಮೇಲೆ ಆ ಹುಚ್ಚಾಟ ಬಿಟ್ಟೆವು. ಅವಳ ಬಾಲ್ಕನಿಯಲ್ಲಿ ಅವಳು, ನನ್ನ ಬಾಲ್ಕನಿಯಲ್ಲಿ ನಾನು, ಕಿವಿಗೆ ಫೋನು ಹಚ್ಚಿಕೊಂಡು, ಒಬ್ಬರನ್ನೊಬ್ಬರು ನೋಡುತ್ತಾ ಮಾತಾಡುತ್ತಿದ್ದೆವು. ಹಾರ್ನಿನ ಗದ್ದಲದಲ್ಲಿ ಅದೂ ಕೇಳುತ್ತಿರಲಿಲ್ಲ. "ಏನಂದಿ?" "ನೀ ಏನಂದಿ?" ಇಷ್ಟರಲ್ಲೇ ಸಂಜೆ ಮುಗಿಯುತ್ತಿತ್ತು. ನಾನು ಹೋಗಬಹುದಿತ್ತಲ್ಲ ಎನ್ನುತ್ತೀರಿ. ಹೋಗುತ್ತಿದ್ದೆ. ಆದರೆ ನಾನು ದಾಟುವುದನ್ನು ಅಕ್ಕ ಮೇಲಿನಿಂದ ನೋಡುತ್ತಿದ್ದಳು. ಮುಟ್ಟಿದಾಗ ಅವಳ ಮುಖ ಬಿಳಿಚಿಕೊಂಡಿರುತ್ತಿತ್ತು. "ನೀ ಬರಬ್ಯಾಡ ವಿಮಲಾ, ನೀ ಬಂದ ದಿನ ನಂಗ ನಿದ್ದಿ ಬರೂದಿಲ್ಲ" ಎಂದು ಕೈ ಮುಗಿದಳು. ಅಕ್ಕ ತಂಗಿಗೆ ಕೈ ಮುಗಿದರೆ ಮತ್ತೆ ಹೋಗಲು ಕಾಲು ಹೇಗೆ ಬರಬೇಕು?

ಕೊನೆಗೆ ಭಾವ ಆ ಮನೆ ಮಾರಿ ಪುಣೆಯ ಹೊರಗೆ, ದೇಹೂ ರೋಡ್ ಎಂಬ ಊರಿನಲ್ಲಿ ನೆಲಮಟ್ಟದ ಮನೆ ಮಾಡಿದರು. ದಂಡಿನ ಪ್ರದೇಶ. ಅಲ್ಲಿ ಮಿಲಿಟರಿ ಪೊಲೀಸರ ಹೆದರಿಕೆಗೆ ಎಲ್ಲರೂ ನಿಧಾನ ಹೋಗುತ್ತಾರೆ. ಸಾಮಾನು ಹೇರಿದ ದಿನ ಅಕ್ಕ ಕಾರಿನ ಕಿಟಕಿಯಿಂದ ಕೈ ಬೀಸಿದಳು, ನಾನು ಈ ಕಡೆಯಿಂದ ಬೀಸಿದೆ. ನಡುವೆ ಬಸ್ಸೊಂದು ಬಂತು. ಅದು ಸರಿಯುವಷ್ಟರಲ್ಲಿ ಕಾರು ಹೋಗಿತ್ತು.

ಈಗ ನಾನು ರಜೆ ಸಿಕ್ಕಾಗ ಲೋಕಲ್ ಟ್ರೇನು ಹಿಡಿದು ಹೋಗುತ್ತೇನೆ. ಹೋದ ಸಲ ಇಳಿಹೊತ್ತಿನಲ್ಲಿ ಇಬ್ಬರೂ ಅವಳ ಓಣಿಯಲ್ಲಿ ಅಡ್ಡಾಡುತ್ತಾ ರಸ್ತೆಯ ಅಂಚಿಗೆ ಬಂದು ಮಾತಾಡುತ್ತ ನಿಂತಿದ್ದೆವು. ಒಂದು ದೊಡ್ಡ ಮಿಲಿಟರಿ ಟ್ರಕ್ಕು ಬಂತು. ಬಂದದ್ದು ನಮ್ಮ ಮುಂದೆ ಮೆಲ್ಲಗೆ ನಿಂತಿತು. ಅಕ್ಕ ಯಾರಿಗಾಗಿ ನಿಂತಿದೆಯೆಂದು ಹಿಂದೆ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ. ಟ್ರಕ್ಕು ಓಡಿಸುತ್ತಿದ್ದ ಜವಾನ ಕಿಟಕಿಯಿಂದ ಕೈ ಚಾಚಿ, "ಚಲಿಯೇ ಮಾತಾಜಿ, ಆರಾಮ್ ಸೇ" ಎಂದ. ನಡೆಯಿರಿ ತಾಯೀ, ನಿಧಾನವಾಗಿ, ಎಂದು.

"ನಿನಗೇ ನಿಲ್ಲಿಸ್ಯಾನ, ದಾಟಕ್ಕಾ" ಎಂದೆ.

"ದಾಟಿ ಏನ್ ಮಾಡ್ಲೇ?" ಎಂದಳು ಅಕ್ಕ. "ಆ ಕಡೆ ನಂಗ ಯಾರ ಅದಾರ?"

ಜವಾನ ಇಂಜಿನ್ ಕೂಡ ಆರಿಸಿ ಕಾಯುತ್ತಿದ್ದ. ಪಾಪ, ಅಷ್ಟು ಮರ್ಯಾದೆ ಕೊಟ್ಟವನಿಗೆ ಬೇಡವೆನ್ನುವುದು ಹೇಗೆ? ನಾನು ಅಕ್ಕನ ಕೈ ಹಿಡಿದೆ. ಕೋಲು ಊರುತ್ತಾ, ಊರುತ್ತಾ, ಟ್ರಕ್ಕಿನ ಮುಂದಿನಿಂದ ಇಬ್ಬರೂ ದಾಟಿದೆವು. ಆ ಕಡೆ ಒಂದು ಉದ್ದನೆಯ ಕಾಂಪೌಂಡ್ ಗೋಡೆ ಇತ್ತು. ಟ್ರಕ್ಕು ಹೋಗುವವರೆಗೆ ಆ ಗೋಡೆಯನ್ನು ನೋಡುತ್ತಾ ನಿಂತಿದ್ದು, ಮತ್ತೆ ಈ ಕಡೆ ಬಂದೆವು.