ಇಂಗ್ಲಿಷ್ ಪದಗಳಿಗೆ ಹುಡುಕಿದ ನೆಂಟರು

ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಗೆ ನಿಮ್ಮಮ್ಮ ಓದುತ್ತಿದ್ದಾಗ ನಾವು ವಿಜಯನಗರದ ಬಾಡಿಗೆ ಮನೆಯಲ್ಲಿದ್ದೆವು. ನಿಮ್ಮ ತಾತ ಆಗಲೇ ತೀರಿಕೊಂಡಿದ್ದರು. ಮನುಷ್ಯರ ಗುಣ, ನಡತೆ, ನ್ಯಾಯ ಅನ್ಯಾಯಗಳನ್ನು ಹೇಳುವ ಕಷ್ಟದ ಇಂಗ್ಲಿಷ್ ಪದಗಳನ್ನು ಅವಳು ಬಾಯಿಪಾಠ ಮಾಡಬೇಕಿತ್ತು. ಹಳ್ಳಿ ಶಾಲೆಯಲ್ಲಿ ಕಲಿತ ನಾನು ಅಕ್ಷರ ಕೂಡಿಸಿ ಪದ ಓದುತ್ತಿದ್ದೆ. ಅವಳು ಆ ಗುಣವಿರುವ ನೆಂಟರನ್ನು ಹೇಳಬೇಕು. ಹಾಗೆ ಮಾಡಿದರೆ ಪದ ಮರೆಯುವುದಿಲ್ಲವಂತೆ.

"ಗ್ಯಾರುಲಸ್."

"ಸೋದರತ್ತೆ. ಫೋನ್ ಇಟ್ಟಮೇಲೂ ಮಾತಾಡ್ತಿರ್ತಾರೆ."

"ಆಬ್‌ಸ್ಟಿನೇಟ್."

"ಹಟಮಾರಿ. ದೊಡ್ಡಪ್ಪ."

"ಹಾಗೆಲ್ಲ ಅನ್ನಬಾರದು ಕಣೇ."

"ನೀನೇ ನಗ್ತಾ ಇದೀಯ."

ಪಕ್ಷಪಾತ ಮಾಡದ 'ಇಂಪಾರ್ಷಿಯಲ್' ಮನುಷ್ಯರು ಎರಡೂ ಕಡೆಯ ನೆಂಟರಲ್ಲಿ ಒಬ್ಬರೂ ಸಿಗಲಿಲ್ಲ. 'ಆರ್ಬಿಟ್ರರಿ' ಬಂದಾಗ ನಿಘಂಟು ನೋಡಿದೆವು. ಯಾರನ್ನೂ ಕೇಳದೆ, ಕಾರಣ ಹೇಳದೆ, ಮನಸ್ಸಿಗೆ ಬಂದಂತೆ ತೀರ್ಮಾನಿಸುವುದು. ಅವಳು ಯೋಚಿಸುತ್ತಾ ಕೂತಳು. ನನಗೆ ಮಾತ್ರ ಜನ ಸಾಲಾಗಿ ಹೊಳೆದರು. ನನ್ನನ್ನು ಶಾಲೆ ಬಿಡಿಸಿದ್ದು, ಮದುವೆ ಗೊತ್ತು ಮಾಡಿದ್ದು, ಎಲ್ಲಕ್ಕೂ ಒಂದು ಹೆಸರಿದೆಯೆಂದು ಗೊತ್ತಾದ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಹುಳಿಗೆ ಎರಡು ಸಲ ಉಪ್ಪು ಹಾಕಿದೆ. ಬಸ್ಸಿನ ಕಂಡಕ್ಟರನ ಮುಖ ನೋಡಿದರೂ ಇವನಿಗೆ ಯಾವ ಪದ ಎಂದು ಮನಸ್ಸು ಓಡುತ್ತಿತ್ತು.

ಪರೀಕ್ಷೆಗೆ ವಾರವಿದ್ದಾಗ ಭಾವ, ಅಂದರೆ ನಿಮ್ಮ ತಾತನ ಅಣ್ಣ, ಕೆಂಗೇರಿಯಿಂದ ಬಂದರು. ನಮ್ಮಲ್ಲಿ ಗಂಡನ ಅಣ್ಣನ ಎದುರು ಹೆಂಗಸರು ನಿಂತು ಮಾತಾಡುತ್ತಿರಲಿಲ್ಲ. ಅವರಿಗೆ ಏನು ಹೇಳಬೇಕಾದರೂ ನಾನು ಅಡುಗೆಮನೆ ಬಾಗಿಲ ಮರೆಯಲ್ಲಿ ನಿಂತು, ಮೊದಲು ನಿಮ್ಮ ತಾತನಿಂದ, ಅವರು ಹೋದ ಮೇಲೆ ಮಗಳಿಂದ ಹೇಳಿಸುತ್ತಿದ್ದೆ.

"ಭಾನುವಾರ ಹುಡುಗನ ಕಡೆಯವರು ಇವಳನ್ನ ನೋಡೋಕೆ ಬರ್ತಾರೆ. ಹೇಳಾಗಿದೆ," ಎಂದರು ಭಾವ.

"ಅವತ್ತೇ ಪರೀಕ್ಷೆ, ದೊಡ್ಡಪ್ಪ."

"ಪರೀಕ್ಷೆ ಮುಂದಿನ ವರ್ಷನೂ ಬರುತ್ತೆ. ಇಂಥ ಹುಡುಗ ಬರ್ತಾನಾ?"

ನಿಮ್ಮಮ್ಮ ಬಾಗಿಲ ಕಡೆ ನೋಡಿದಳು. ಬೇಡವೆನ್ನುವ ಮಾತನ್ನು ಅವಳಿಂದ ಹೇಳಿಸಿದರೆ ಬೈಗುಳ ಅವಳಿಗೇ ಬೀಳುತ್ತಿತ್ತು. ಸೆರಗು ಹೊದ್ದು ಹೊರಗೆ ಬಂದೆ. ಕಲಿತ ಪದ ಒಂದೂ ನೆನಪಿಗೆ ಬರಲಿಲ್ಲ.

"ನನ್ನನ್ನ ಒಂದು ಮಾತು ಕೇಳಬೇಕಿತ್ತು ನೀವು. ಭಾನುವಾರ ಅವಳು ಪರೀಕ್ಷೆಗೆ ಹೋಗ್ತಾಳೆ. ಅವರು ಬರೋದು ಬೇಡ."

ಭಾವ ನೆಲ ನೋಡುತ್ತಾ ನನ್ನ ಮಗಳನ್ನೇ ಕೇಳಿದರು, "ನಿಮ್ಮಮ್ಮ ಹೀಗಂದ್ಲು ಅಂತ ಅವರಿಗೆ ಹೇಳಲಾ?"

"ಹೇಳಿ," ಎಂದೆ ನಾನೇ.

ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಹೋದರು. ಆ ವಾರವೆಲ್ಲ ಫೋನ್ ಬಂದಾಗಲೆಲ್ಲ ಭಾವನವರದೇ ಇರಬೇಕೆಂದು ನಾನೇ ಓಡಿ ಎತ್ತುತ್ತಿದ್ದೆ. ಭಾನುವಾರ ರಾಜಾಜಿನಗರದಲ್ಲಿ ಅವಳನ್ನು ಪರೀಕ್ಷೆಯ ಗೇಟಿನೊಳಗೆ ಕಳಿಸಿದೆ. ಬೇರೆ ತಾಯಂದಿರೆಲ್ಲ ನೆರಳಲ್ಲಿ ಕೂತು ಮಾತಾಡುತ್ತಿದ್ದರು. ಅವಳು ಹೊರಬರುವವರೆಗೂ ನಾನು ಆ ರಸ್ತೆಯಲ್ಲಿ ಈ ತುದಿಯಿಂದ ಆ ತುದಿಗೆ ನಡೆಯುತ್ತಲೇ ಇದ್ದೆ.