ಶಿರ್ವದ ಅಡುಗೆಮನೆಯ ಗೋಡೆ

ಶಿರ್ವಕ್ಕೆ ಬಂದ ಎರಡನೇ ತಿಂಗಳಲ್ಲಿ ನಾನು ಸದಾಶಿವ ಎಂಬ ಟೈಲ್ಸ್ ಮೇಸ್ತ್ರಿಯ ಕೆನ್ನೆಗೆ ಬಾರಿಸಿದೆ. ಅವನು ತಿರುಗಿ ಹೊಡೆಯಲಿಲ್ಲ. ಬೈಯಲೂ ಇಲ್ಲ. ಕಿವಿ ಹಿಡಿದುಕೊಂಡ. ಆಮೇಲೆ ಸಿಮೆಂಟು ಮೆತ್ತುವ ಕರಣೆ ತೊಳೆದು ಚೀಲಕ್ಕೆ ಹಾಕಿ, "ಹಾಗಾದರೆ ನಾನು ಹೊರಡ್ತೇನೆ ಸಾರ್" ಎಂದು ಹೇಳಿ, ಸದ್ದಾಗದಂತೆ ಗೇಟು ಹಾಕಿಕೊಂಡು ಹೋದ. ಅವನು ಗೇಟು ಹಾಕಿದ ರೀತಿ ಕಂಡು ನನಗೆ ಹೆದರಿಕೆಯಾಯಿತು.

ನಮ್ಮ ಶಹಾಬಾದಿನವರಿಗೆ ಇದು ಅರ್ಥವಾಗುವುದು ಕಷ್ಟ. ನಾವು ಕಲ್ಲಿನ ಗಣಿಗಳ ನಡುವೆ ಬೆಳೆದವರು. ಅಲ್ಲಿ ಒಂದು ಏಟಿಗೆ ಎರಡು ಏಟು ಬೀಳುತ್ತದೆ, ಅಂಗಿ ಹರಿಯುತ್ತದೆ, ಸಂಜೆಗೆ ಅದೇ ಇಬ್ಬರು ಒಂದೇ ಬಂಡಿಯ ಮುಂದೆ ನಿಂತು ಮಿರ್ಚಿ ತಿನ್ನುತ್ತಾರೆ. ನನ್ನ ಅಪ್ಪ ಬೆಲ್ಟಿನಿಂದ ಬಾಸುಂಡೆ ಬರುವಂತೆ ಹೊಡೆದು, ಅದೇ ಕೈಯಿಂದ ತುತ್ತು ಮಾಡಿ ತಿನ್ನಿಸುತ್ತಿದ್ದ. ನಾನು ಅದನ್ನೇ ಪ್ರೀತಿ ಅಂದುಕೊಂಡಿದ್ದೆ. ಊರನ್ನು ದೂರುತ್ತಿಲ್ಲ, ಕೈ ನನ್ನದೇ.

ಹೆಂಡತಿ ಮಂಗಲಾಳಿಗೆ ಮಣಿಪಾಲದಲ್ಲಿ ನರ್ಸ್ ಕೆಲಸ ಸಿಕ್ಕಿದ್ದರಿಂದ ನಾವು ಇಲ್ಲಿಗೆ ಬಂದೆವು. ನಾನು ನಿಟ್ಟೆಯ ಹಾಸ್ಟೆಲೊಂದರಲ್ಲಿ ಮೆಸ್ ನೋಡಿಕೊಳ್ಳುತ್ತೇನೆ. ಶಿರ್ವದಲ್ಲಿ ಹಳೆಯದೊಂದು ಪುಟ್ಟ ಮನೆ ಕೊಂಡು, ಅಡುಗೆಮನೆಯ ಗೋಡೆಗೆ ಟೈಲ್ಸ್ ಹಾಕಲು ಕಾಪುವಿನಿಂದ ಸದಾಶಿವನನ್ನು ಕರೆಸಿದ್ದೆವು. ಅವನು ಒಂದೊಂದು ಟೈಲ್ಸ್ ಅಂಟಿಸಿದ ಮೇಲೂ ಕರಣೆಯ ಹಿಡಿಯಿಂದ ಅದನ್ನು ತಟ್ಟುತ್ತಿದ್ದ, ತಲೆ ಓರೆ ಮಾಡಿ ಆಲಿಸುತ್ತಿದ್ದ. "ಇದರ ಹಿಂದೆ ಟೊಳ್ಳುಂಟು" ಎಂದು ಕಿತ್ತು ಮತ್ತೆ ಹಾಕುತ್ತಿದ್ದ. ಮೂರನೇ ದಿನ ಒಂದಿಡೀ ಸಾಲನ್ನೇ ಕಿತ್ತ. ಕೆಲಸ ಎಳೆಯುತ್ತಿದ್ದಾನೆ ಎಂದುಕೊಂಡೆ. ಹೊಡೆದೆ.

ಮಂಗಲಾ ನೋಡುತ್ತಿದ್ದಳು. ಅವಳ ಸೊಂಟದ ಮೇಲೆ ಮಗಳಿದ್ದಳು. ಸಂಜೆಗೆ ಮಂಗಲಾ ಬಟ್ಟೆ ತುಂಬಿಕೊಂಡು ಮಣಿಪಾಲದ ಗೆಳತಿಯ ಮನೆಗೆ ಹೊರಟಳು. "ಆ ಮನುಷ್ಯ ತಾನಾಗೇ ಮತ್ತ ಈ ಹೊಸ್ತಿಲ ದಾಟ್ಲಿ, ಅವತ್ತ ನಾನೂ ಬರ್ತೀನಿ. ಅಲ್ಲೀತನಕ ಈ ಕೈಯಾಗ ಮಗಳನ್ನ ಕೊಡಂಗಿಲ್ಲ" ಎಂದಳು.

ಬನ್ನಂಜೆಯಿಂದ ಕಾರ್ಕಳದವರೆಗೆ ಬೇರೆ ಮೇಸ್ತ್ರಿಗಳಿಗಾಗಿ ಅಲೆದೆ. ಎಲ್ಲರೂ ನಗುನಗುತ್ತಲೇ "ಆಯ್ತು ಸಾರ್, ಬರುವ" ಎಂದರು. ಒಬ್ಬನೂ ಬರಲಿಲ್ಲ. ನಮ್ಮಲ್ಲಾದರೆ "ಬರಲ್ಲ ಹೋಗಲೇ" ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತಾರೆ, ಮನುಷ್ಯ ಬದುಕಿಕೊಳ್ಳುತ್ತಾನೆ. ಇಲ್ಲಿ ಬೇಲಿಯ ಆಚೆಯಿಂದ ಪಕ್ಕದ ಮನೆಯ ಲಿಲ್ಲಿ ಬಾಯಿ ಹೇಳಬೇಕಾಯಿತು: "ಯಾರೂ ಬರ್ಲಿಕ್ಕಿಲ್ಲ ಮಾರಾಯ್ರೆ. ನೀವು ಸದಾಶಿವನಿಗೆ ಹೊಡೆದದ್ದು ಎಲ್ಲರಿಗೂ ಗೊತ್ತುಂಟು. ಇನ್ನು ನೀವೇ ಹಾಕಿ."

ಹಾಕಿಯೇ ತೀರುತ್ತೇನೆ ಎಂದು ಹಟ ಹಿಡಿದೆ. ಗೋಡೆ ಮುಗಿದರೆ ಮಂಗಲಾ ಕರಗಬಹುದು ಎಂಬ ಆಸೆಯೂ ಇತ್ತು. ಸಿಮೆಂಟು ಕಚ್ಚಿಕೊಳ್ಳಲು ಹಳೆಯ ಗಾರೆಯ ಮೇಲೆ ಸಣ್ಣ ಸಣ್ಣ ಗುಳಿ ಬೀಳುವಂತೆ ಕಚ್ಚು ಹೊಡೆಯಬೇಕೆಂದು ಕೇಳಿದ್ದೆ. ಅಪ್ಪನ ಕಾಲದ ನಾಲ್ಕು ಕಿಲೋ ಸುತ್ತಿಗೆ ಎತ್ತಿ, ನಮ್ಮೂರ ಬಂಡೆಗೆ ಹೊಡೆಯುವಂತೆ ಹೊಡೆದೆ. ಆದರೆ ಇಲ್ಲಿನ ಗೋಡೆ ಮುರಕಲ್ಲಿನದು. ಕೆಂಪಗೆ, ತೂತುತೂತಾಗಿ, ಬಡಿದರೆ ಪುಡಿಯಾಗುವ ಕಲ್ಲು. ಮೂರನೇ ಏಟಿಗೆ ಸುತ್ತಿಗೆ ಗೋಡೆಯನ್ನು ತೂರಿ ಆಚೆ ಹೋಯಿತು. ತೂತಿನ ಆಚೆ ಲಿಲ್ಲಿ ಬಾಯಿಯ ಕೋಳಿಯೊಂದು ನಿಂತು ನನ್ನನ್ನೇ ನೋಡುತ್ತಿತ್ತು. ಆ ಕೋಳಿಯ ಮೇಲೂ ಸಿಟ್ಟು ಬಂತು. ಮತ್ತೆ ಬೀಸಿದ ಸುತ್ತಿಗೆ ಗೋಡೆಗೆ ಊರಿದ್ದ ನನ್ನ ಎಡಗೈಯ ಹೆಬ್ಬೆರಳ ಮೇಲೆ ಬಿದ್ದು ಉಗುರು ಕಿತ್ತು ಬಂತು. ಕೆಂಪು ಧೂಳು ಯಾವುದು, ರಕ್ತ ಯಾವುದು ತಿಳಿಯಲಿಲ್ಲ.

ತೂತು ಮುಚ್ಚಿ, ಎರಡು ಸಾಲು ಟೈಲ್ಸ್ ಅಂಟಿಸಿದೆ. ಮರುದಿನ ಬೆಳಿಗ್ಗೆ ಚಹಾಕ್ಕೆ ನೀರಿಡುತ್ತಿದ್ದಾಗ ಮೇಲಿನ ಸಾಲು ಪೂರಾ ಕಳಚಿ ಬಿತ್ತು. ಒಂದು ಚೂರು ಪಾದವನ್ನು ಸೀಳಿತು. ನಾನು ಉಳಿದವನ್ನೂ ಕಿತ್ತು ಗೋಡೆಗೆ ಎಸೆದೆ. ಆಮೇಲೆ ಪೆಟ್ಟಿಗೆಯಲ್ಲಿದ್ದ ಹೊಸ ಟೈಲ್ಸನ್ನೂ ಒಂದೊಂದಾಗಿ ಅಪ್ಪಳಿಸಿದೆ. ಬಾಯಿಗೆ ಬಂದದ್ದು ಕೂಗಿದೆ. ಬಿಡಿಸಲು ಯಾರೂ ಬರಲಿಲ್ಲ. ಹೊಡೆಯಲು ಏನೂ ಉಳಿಯದಾಗ ಚೂರುಗಳ ನಡುವೆ ಕೂತು ಅತ್ತುಬಿಟ್ಟೆ. ಕೈಗೆ ಸಿಕ್ಕಿದ್ದನ್ನೆಲ್ಲ ಒಡೆಯುವುದು ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ ಎಂದು ಅವತ್ತು ನಾಚಿಕೆಯಾಯಿತು.

ಕಾಲಿಗೆ ಬಟ್ಟೆ ಸುತ್ತಿಕೊಂಡು ಬಸ್ಸು ಹತ್ತಿ ಕಾಪುವಿಗೆ ಹೋದೆ. ಶಿರ್ವದಿಂದ ಬಂದೆ ಎಂದ ಕೂಡಲೇ ಸದಾಶಿವನ ಹೆಂಡತಿಗೆ ನಾನು ಯಾರೆಂದು ಗೊತ್ತಾಯಿತು; ಮುಖ ಬಿಗಿಯಿತು. ಆದರೂ ಒಳಗೆ ಹೋಗಿ ಒಂದು ಲೋಟ ನೀರು, ಒಂದು ತುಂಡು ಬೆಲ್ಲ ತಂದಿಟ್ಟಳು. ಈ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು ಕೊಡುತ್ತಾರೆ, ಗಂಡನಿಗೆ ಹೊಡೆದವನಿಗೂ. ಬೆಲ್ಲ ಇನ್ನೂ ನನ್ನ ಕೈಯಲ್ಲಿರುವಾಗಲೇ ಸದಾಶಿವ ಹೊರಗೆ ಬಂದ.

ನಮ್ಮೂರಲ್ಲಿ ರಾಜಿ ಮಾಡಿಕೊಳ್ಳುವ ರೀತಿಯೊಂದೇ ನನಗೆ ಗೊತ್ತಿತ್ತು. ಕೆನ್ನೆ ಮುಂದೆ ಚಾಚಿ, "ನೀನೂ ಒಂದು ಹೊಡಿ. ಎಷ್ಟು ಜೋರಾಗಿ ಬೇಕೋ ಅಷ್ಟು" ಎಂದೆ.

"ನಿಮಗೆ ಹೊಡೆದರೆ ನನ್ನ ಕಿವಿ ಸರಿಯಾಗ್ತದಾ ಸಾರ್?" ಎಂದ ಸದಾಶಿವ. "ಈ ಕಿವಿಯಲ್ಲಿ ಈಗ ಎಂತದೂ ಕೇಳುವುದಿಲ್ಲ. ಬರೀ ಗುಂಯ್ ಅಂತ ಉಂಟು. ಟೈಲ್ಸ್ ತಟ್ಟಿದರೆ ಗಟ್ಟಿ ಯಾವುದು, ಟೊಳ್ಳು ಯಾವುದು ಗೊತ್ತಾಗುವುದಿಲ್ಲ. ನನ್ನ ಕೆಲಸ ಇರುವುದೇ ಅದರಲ್ಲಿ ಅಲ್ವಾ?"

ಮಂಗಲಾ ಹೇಳಿದ್ದನ್ನು ತಿಳಿಸಿದೆ. ಬಾ ಎಂದು ಕರೆಯಲು ಮಾತ್ರ ಬಾಯಿ ಬರಲಿಲ್ಲ.

ಮುಂದಿನ ಭಾನುವಾರ ಅವನೇ ಬಂದ. "ನಿಮಗಾಗಿ ಅಲ್ಲ. ಮಗು ಉಂಟಲ್ಲ, ಅದಕ್ಕೆ" ಎಂದ. ಅವನು ಒಂದು ಟೈಲ್ಸನ್ನೂ ಮುಟ್ಟಲಿಲ್ಲ. ಸ್ಟೂಲಿನ ಮೇಲೆ ಕೂತು ಹೇಳಿಕೊಟ್ಟ. ಮೆಲ್ಲ ಕಚ್ಚು ಹೊಡೆಯುವುದು, ಗೋಡೆಗೆ ನೀರು ಕುಡಿಸುವುದು, ಮೂಲೆ ಬಿಡದೆ ಸಿಮೆಂಟು ಮೆತ್ತುವುದು. ನಂತರ, "ತಟ್ಟಿ. ಎಂತ ಕೇಳ್ತದೆ?" ಎಂದು ಕೇಳಿದ. "ಟೊಳ್ಳು" ಎಂದೆ. "ಹಾಗಾದರೆ ಕೀಳಿ." ಹಾಗೆ ನಾಲ್ಕು ಭಾನುವಾರ ಅವನ ಕಿವಿಯ ಕೆಲಸವನ್ನು ನನ್ನ ಕಿವಿ ಮಾಡಿತು. ಮೊದಲ ಭಾನುವಾರದ ಮರುದಿನವೇ ಮಂಗಲಾ ಮಗಳನ್ನು ಕರೆದುಕೊಂಡು ಬಂದಳು. ಮಗಳು ನನ್ನ ಹತ್ತಿರ ಬರಲು ಇನ್ನೂ ಎರಡು ವಾರ ಹಿಡಿಯಿತು.

ಈಚೆಗೆ ಮದುವೆಯೊಂದಕ್ಕೆ ಶಹಾಬಾದಿಗೆ ಹೋಗಿದ್ದೆ. ಸಾರು ತಡವಾಯಿತೆಂದು ನನ್ನ ತಮ್ಮ ಅಡುಗೆಯವನಿಗೆ ಬಾರಿಸಿದ. ನಾನು ನುಗ್ಗಿ ಆ ಅಡುಗೆಯವನ ಮುಖ ಹಿಡಿದು, "ಕಿವಿ ಕೇಳಸ್ತದೇನು? ಖರೇ ಹೇಳು, ಕೇಳಸ್ತದೇನು?" ಎಂದು ಕೇಳತೊಡಗಿದೆ. ಚಪ್ಪರದ ಮಂದಿಯೆಲ್ಲ ನಕ್ಕರು. ಅಡುಗೆಯವನೂ ನಕ್ಕ. "ಅಣ್ಣ, ನೀ ನಮ್ಮಂವ ಉಳಿದಿಲ್ಲ ಬಿಡು" ಎಂದ ತಮ್ಮ.

ತಿರುಗಿ ಬಂದ ಮರುದಿನ, ಪಾರ್ಸೆಲ್ ತಂದವನೊಬ್ಬ ರಸ್ತೆಯಲ್ಲಿ ನಿಂತು ನನ್ನ ಹೆಸರು ಹೇಳಿ ವಿಚಾರಿಸುತ್ತಿದ್ದ. ಲಿಲ್ಲಿ ಬಾಯಿಗೆ ಹೆಸರಿನಿಂದ ಗುರುತು ಹತ್ತಲಿಲ್ಲ. ಅವನು ಚೀಟಿಯಲ್ಲಿದ್ದ ಮನೆ ನಂಬರು ತೋರಿಸಿದ ಮೇಲೆ ಹೊಳೆಯಿತು.

"ಓ, ಅದಾ? ಅದು ಸದಾಶಿವನಿಗೆ ಹೊಡೆದವರ ಮನೆ. ಇಲ್ಲಿಯೇ, ಮುಂದಿನ ಗೇಟು."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದಾರಿ ಹೇಳುವ ದನಿ ಅದು. ನಾನು ಗೇಟಿನ ಹತ್ತಿರ ಹೋಗಿ, "ಹೌದು, ಇದೇ ಮನೆ" ಎಂದು ಪಾರ್ಸೆಲ್ ತೆಗೆದುಕೊಂಡೆ.