ನಮ್ಮ ಆಸ್ಪತ್ರೆಯಲ್ಲಿ ಲಕ್ವಾ ಕಡಿಮೆಯಾದ ಬಗೆ

ಗೆಳೆಯರೇ, ಬೆಳಗ್ಗೆಯಿಂದ ಕುಂತಲ್ಲಿ ಕೂರಲಾಗುತ್ತಿಲ್ಲ. ಸಿಂಧನೂರಿನ ಆಸ್ಪತ್ರೆಯೊಂದರಲ್ಲಿ ರೋಗಿಗಳ ವಿವರವನ್ನು ಕಂಪ್ಯೂಟರಿಗೆ ಹಾಕುವವನು ನಾನು. ಇವತ್ತು ಮೇಲಿನ ಆಫೀಸಿನ ಸಾಹೇಬರು ಫೋನ್ ಮಾಡಿದರು: "ನಿಮ್ಮಲ್ಲಿ ಲಕ್ವಾ ಭಾಳ ಕಡಿಮಿ ಆಗೇತಲ್ರೀ. ಆ ರಕ್ತದ ಗಂಟು ಕರಗಸೋ ಇಂಜೆಕ್ಷನ್ ಬ್ಯಾರೆ ಕಡೆ ಕಳಸ್ತೀವಿ."

ಮೊದಲು ಕಂಪ್ಯೂಟರಿನಲ್ಲಿ ಲಕ್ವಾಕ್ಕೆ ಒಂದೇ ಕೋಡ್ ಇತ್ತು. ಹೊಸ ಪಟ್ಟಿಯಲ್ಲಿ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದ್ದೋ, ರಕ್ತನಾಳ ಒಡೆದದ್ದೋ ಹೇಳದಿದ್ದರೆ ರೋಗಿಯ ಹೆಸರೇ ದಾಖಲಾಗುವುದಿಲ್ಲ. ಸ್ಕ್ಯಾನ್ ಆಗುವ ಮೊದಲು ಅದು ನನಗೆ ಹೇಗೆ ಗೊತ್ತಾಗಬೇಕು? ಮಸ್ಕಿ, ಲಿಂಗಸುಗೂರಿನಿಂದ ಬಂದವರು ಬಾಯಿ ಸೊಟ್ಟಗಾಗಿ ಎದುರಿಗೇ ಮಲಗಿರುತ್ತಾರೆ. 'ಕೈಕಾಲು ನಿಶ್ಶಕ್ತಿ' ಎಂದು ಒತ್ತಿ ಬೇಗ ಒಳಗೆ ಕಳಿಸುತ್ತಿದ್ದೆ. ಸ್ಕ್ಯಾನ್ ಆದ ಮೇಲೆ ತಿದ್ದಲೇ ಇಲ್ಲ.

"ಸರ್, ಲಕ್ವಾ ಕಡಿಮಿ ಆಗಿಲ್ರೀ. ನಾನ ಬ್ಯಾರೆ ಹೆಸರ್ಲೆ ಹಾಕೀನ್ರೀ," ಎಂದೆ.

"ಹಂಗಾರ ಎಲ್ಲಾ ತಿದ್ದಿ ಕಳಸ್ರೀ. ಅಲ್ಲೀಮಟ ಈ ಲೆಕ್ಕನ ಖರೆ."

ಹಳೆಯ ಕೇಸ್ ಪೇಪರ್‌ಗಳ ಕಟ್ಟು ಬಿಚ್ಚಿಕೊಂಡು ಕೂತಿದ್ದೇನೆ. ನಮ್ಮ ಕಡೆ ಲಕ್ವಾಕ್ಕೆ ಔಷಧಿ ಕೊಡುವವರು ಊರಿಗೊಬ್ಬರಿದ್ದಾರೆ. ಒಬ್ಬರನ್ನೂ ಮುಟ್ಟದೆ ಇಷ್ಟು ಜನರ ಲಕ್ವಾ ಬಿಡಿಸಿದವನು ನಾನೊಬ್ಬನೇ.